ಅದೆಲ್ಲ ಮನಸ್ಸಿನದಮ್ಮ

ಹಿಂದೂಪುರದಿಂದ ಬೆಂಗಳೂರಿಗೆ ಹೊರಟ ರೈಲು ಸ್ವಲ್ಪ ಹೊತ್ತಿಗೆಲ್ಲ ಗೌರಿಬಿದನೂರು ಮುಟ್ಟುತ್ತದೆ. ಎರಡೂ ಕಡೆ ಅದೇ ಹುಣಸೆ ತೋಪು, ಅದೇ ಕಡಲೆಕಾಯಿ ಹೊಲ, ಅದೇ ಉತ್ತರ ಪಿನಾಕಿನಿ. ನೀರಿದ್ದರೆ ಹೊಳೆ, ಇಲ್ಲದಿದ್ದರೆ ಬರೀ ಮರಳು. ಸಂತೆಯಲ್ಲಿ ತೆಲುಗಿನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಬರುತ್ತದೆ, ಚೌಕಾಸಿಗೆ ಅದೇನೂ ಅಡ್ಡಿಯಲ್ಲ. ಆದರೆ 1930ರಲ್ಲಿ ಈ ಎರಡು ಸ್ಟೇಷನ್ನುಗಳ ನಡುವೆ ಒಂದು ಗಡಿ ಇತ್ತು. ಹಿಂದೂಪುರ ಮದ್ರಾಸ್ ಪ್ರೆಸಿಡೆನ್ಸಿಯ ಅನಂತಪುರ ಜಿಲ್ಲೆಯದು, ಗೌರಿಬಿದನೂರು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯದು. ಅತ್ತ ಕಲ್ಯಾಣದುರ್ಗ ಬ್ರಿಟಿಷರದು, ಅದರ ಮಗ್ಗುಲ ಪಾವಗಡ ಮಹಾರಾಜರದು. ಹೆಣ್ಣು ಕೊಟ್ಟು ತರುವುದಕ್ಕೆ ಯಾರೂ ಆ ಗಡಿ ನೋಡುತ್ತಿರಲಿಲ್ಲ. ಸರ್ಕಾರದ ಕಾಗದಗಳು ಮಾತ್ರ ಅಲ್ಲಿ ನಿಂತುಬಿಡುತ್ತಿದ್ದವು.

ಅಂಥದೊಂದು ಕಾಗದ 1930ರ ಜೂನ್ 11ರಂದು ಹೊರಟಿತು. ಬೆಂಗಳೂರು ಮತ್ತು ಮೈಸೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಬೇಕೆಂದು ಮೈಸೂರು ಸರ್ಕಾರದ ಆದೇಶ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಬೊಂಬಾಯಿಯಲ್ಲಿ ರಘುನಾಥ ಕರ್ವೆಯವರು 1921ರಲ್ಲೇ ಸ್ವಂತ ಕ್ಲಿನಿಕ್ ತೆರೆದಿದ್ದರು, ಆ ತಪ್ಪಿಗೆ ಕಾಲೇಜಿನ ಕೆಲಸ ಬಿಡಬೇಕಾಗಿ ಬಂದಿತ್ತು. ಖಾಸಗಿಯವರು ಹೀಗೆ ಪಾಡು ಪಡುತ್ತಿದ್ದ ಕಾಲದಲ್ಲಿ ಒಂದು ಸರ್ಕಾರವೇ ಮುಂದೆ ಬಂದು ಬಾಗಿಲು ತೆರೆದದ್ದು ಜಗತ್ತಿನಲ್ಲಿ ಇದೇ ಮೊದಲು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಆಗಿನ ಉಪಾಯಗಳೇನೋ ರಬ್ಬರಿನ ಟೋಪಿ, ಜೆಲ್ಲಿ ಇಂಥವೇ. ರಕ್ತದೊಳಗೆ ಇಳಿದು ಕೆಲಸ ಮಾಡುವ ಔಷಧ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ ಬಗೆಯೇ ಸ್ವಾರಸ್ಯವಾಗಿದೆ. ಅದರ ಜೊತೆಗೇ ಹುಟ್ಟಿದ ಇನ್ನೊಂದು ಕೂಸನ್ನು ಚರಿತ್ರೆ ಬೇರೆ ಮನೆಗೆ ಕೊಟ್ಟುಬಿಟ್ಟಿತು.

1934ರಲ್ಲಿ ಯುರೋಪು, ಅಮೆರಿಕದ ನಾಲ್ಕು ಪ್ರಯೋಗಾಲಯಗಳು ಹೆಚ್ಚು ಕಡಿಮೆ ಒಟ್ಟಿಗೇ ಪ್ರೊಜೆಸ್ಟರಾನನ್ನು ಬೇರ್ಪಡಿಸಿದವು. ಅಂಡಾಶಯದಲ್ಲಿ ಇನ್ನೂ ಯಾವ ಯಾವ ಹಾರ್ಮೋನು ಅಡಗಿವೆಯೋ ಎಂದು ಎಲ್ಲರಿಗೂ ಹುಡುಕಾಟ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಎಂಬ ತರುಣ ವೈದ್ಯನೂ ಇದೇ ಆಸೆಯಿಂದ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚುತ್ತಿದ್ದ. ಇಲಿಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತು, ಥೈಮಸ್ ಗ್ರಂಥಿ ಸೊರಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಹೊಸ ಹಾರ್ಮೋನು ಸಿಕ್ಕಿತೆಂದು ಕುಣಿದಾಡಿದ. ಆಮೇಲೆ ನೋಡಿದರೆ ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ, ಫಾರ್ಮಲಿನ್ ಚುಚ್ಚಿದರೂ ಅದೇ, ಚಳಿಯಲ್ಲಿ ಬಿಟ್ಟರೂ ಅದೇ. ಚುಚ್ಚಿದ್ದು ಏನು ಎಂಬುದು ಮುಖ್ಯವಲ್ಲ, ಜೀವಕ್ಕೆ ಆದ ಸಂಕಟವೇ ಮುಖ್ಯ ಎಂದು ಹೊಳೆಯಿತು. 1936ರ ಜುಲೈ 4ರ ‘ನೇಚರ್’ ಪತ್ರಿಕೆಯಲ್ಲಿ ಆತ ಬರೆದ ಪುಟ್ಟ ಟಿಪ್ಪಣಿಯಿಂದಲೇ ನಾವು ಇವತ್ತು ಮಾತುಮಾತಿಗೆ ‘ಸ್ಟ್ರೆಸ್ಸು’ ಎನ್ನುವುದರ ವಿಜ್ಞಾನ ಶುರುವಾಯಿತು. ಹೆಣ್ಣಿನ ಹಾರ್ಮೋನು ಹುಡುಕಲು ಹೋದವನ ಕೈಗೆ ಸಿಕ್ಕಿದ್ದು ಒತ್ತಡದ ಶಾಸ್ತ್ರ. ಆದರೂ ಆಮೇಲಿನ ಅರವತ್ತು ವರ್ಷ ಇವೆರಡೂ ಒಂದರ ಮುಖ ಒಂದು ನೋಡಲಿಲ್ಲ. ಹಾರ್ಮೋನು ಪ್ರಸೂತಿ ವಿಭಾಗಕ್ಕೆ ಹೋಯಿತು, ಒತ್ತಡ ಮನೋವಿಜ್ಞಾನಕ್ಕೆ. ನನ್ನ ದೃಷ್ಟಿಯಲ್ಲಿ ಈ ಕತೆಯ ಅರ್ಧ ತೊಂದರೆ ಈ ಪಾಲುಪಟ್ಟಿಯಿಂದಲೇ ಬಂದದ್ದು.

ಸ್ವಾತಂತ್ರ್ಯ ಬಂತು. ಮೈಸೂರಿನ ಹಳೇ ಕ್ಲಿನಿಕ್ಕುಗಳ ಪಾಠ ದೆಹಲಿಗೆ ಮುಟ್ಟಲಿಲ್ಲ. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಜೊತೆ ಗಾಂಧೀಜಿ ದೀರ್ಘವಾಗಿ ವಾದಿಸಿ, ಸಂಯಮವೇ ದಾರಿ ಎಂದಿದ್ದರು. ಹೆಚ್ಚೆಂದರೆ, ಗರ್ಭ ನಿಲ್ಲದ ದಿನಗಳನ್ನು ಲೆಕ್ಕ ಹಾಕಿ ನಡೆಯುವ ವಿಧಾನವನ್ನು ಅವರು ಸಹಿಸಬಲ್ಲವರಾಗಿದ್ದರು. ಸಚಿವೆಯೂ ಅದಕ್ಕೇ ಒಪ್ಪಿದರು. ವಿಶ್ವ ಆರೋಗ್ಯ ಸಂಸ್ಥೆ ಅಬ್ರಹಾಂ ಸ್ಟೋನ್ ಎಂಬ ವೈದ್ಯರನ್ನು ಕಳಿಸಿತು. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ: ದೆಹಲಿಯ ಲೋದಿ ಕಾಲೊನಿ, ನಮ್ಮ ರಾಮನಗರ. ‘ಶೋಲೆ’ ಸಿನಿಮಾಕ್ಕೆ ಇಪ್ಪತ್ತು ವರ್ಷ ಮೊದಲೇ ಆ ಬಂಡೆಗಳ ಊರು ಹೀಗೆ ಜಗತ್ತಿನ ಕಣ್ಣಿಗೆ ಬಿದ್ದಿತ್ತು.

ಅಕ್ಷರ ಬಾರದ ಹೆಂಗಸರಿಗೆ ಕ್ಯಾಲೆಂಡರ್ ಕೊಟ್ಟು ಪ್ರಯೋಜನವಿಲ್ಲವೆಂದು ಸ್ಟೋನ್ ಮಣಿಸರ ಮಾಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡನಿಂದ ದೂರ. ಇದರ ಸುತ್ತ ಹುಟ್ಟಿಕೊಂಡ ಕತೆಗಳು ಇವತ್ತಿಗೂ ಜನಸಂಖ್ಯಾ ಶಾಸ್ತ್ರದವರ ಊಟದ ಮನೆಯಲ್ಲಿ ಓಡಾಡುತ್ತವೆ: ಕತ್ತಲಲ್ಲಿ ಬಣ್ಣ ಕಾಣಲಿಲ್ಲವಂತೆ, ಮಗು ಸರದ ಜೊತೆ ಆಟವಾಡಿ ಲೆಕ್ಕ ಕೆಡಿಸಿತಂತೆ, ಮಣಿ ಸರಿಸಿದರೇ ಸಾಕು ಗರ್ಭ ನಿಲ್ಲುವುದಿಲ್ಲವೆಂದು ಯಾರೋ ನಂಬಿದರಂತೆ. ಎಲ್ಲ ಕತೆಯಲ್ಲೂ ಪೆದ್ದಿಯ ಪಾತ್ರ ಹಳ್ಳಿ ಹೆಂಗಸಿಗೇ. ಸರದಲ್ಲೇ ಇದ್ದ ತಪ್ಪನ್ನು ಹೇಳುವ ಕತೆ ಕಡಿಮೆ.

ತಪ್ಪು ಇಷ್ಟು: ಮುಟ್ಟು ಗಡಿಯಾರದಂತೆ ಬರುತ್ತದೆಂದು ಆ ಸರ ನಂಬಿತ್ತು. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ತಾಳ ಹಾಕಿದಂತೆ ಬಿಟ್ಟುಬಿಟ್ಟು ಸೂಚನೆ ಕೊಡುತ್ತಿರುತ್ತದೆ. ಆ ತಾಳಕ್ಕೆ ಪಿಟ್ಯುಟರಿ, ಅದರ ಮಾತಿಗೆ ಅಂಡಾಶಯ. ಮನೆಯಲ್ಲಿ ಸಾವಾದರೆ, ಬೆಳೆ ಒಣಗಿದರೆ, ಹೊಟ್ಟೆಗೆ ಸಾಲದೆ ಮೈಮುರಿದು ದುಡಿದರೆ, ಅದೇ ಹೈಪೋಥಲಾಮಸ್ ಅಡ್ರಿನಲ್ ಗ್ರಂಥಿಯ ಕಡೆ ತಿರುಗಿ ಕಾರ್ಟಿಸೋಲ್ ಸುರಿಸುವಂತೆ ಮಾಡುತ್ತದೆ, ಇತ್ತ ತಾಳ ಸಡಿಲಾಗುತ್ತದೆ. ಅಂಡ ಬಿಡುಗಡೆ ಹಿಂದುಮುಂದಾಗುತ್ತದೆ, ಹಸಿರು ಮಣಿಯ ದಿನ ಕೆಂಪಾಗುತ್ತದೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಅನಂತಪುರದ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ‘ಚಿಂತೆಗೆ ಮುಟ್ಟೇ ನಿಂತೋಗೈತೆ’ ಎನ್ನುವುದು ಕಲ್ಯಾಣದುರ್ಗದ ಕಡೆ ವೈದ್ಯಶಾಸ್ತ್ರವಲ್ಲ, ದಿನದ ಮಾತು. ರಾಮನಗರದ ಪ್ರಯೋಗ 1954ರ ಹೊತ್ತಿಗೆ ಮುಗಿಯಿತು. ಕಲಿಯಲು ಬಂದವರು ಬಹಳ, ಪಾಲಿಸಿದವರು ಕೆಲವೇ ಮಂದಿ ಎಂದು ಲೆಕ್ಕ ಬರೆದು ಮುಚ್ಚಿದರು.

ಅಷ್ಟರಲ್ಲಿ ದೂರದ ಮೆಕ್ಸಿಕೋದಲ್ಲಿ ಒಂದು ಕಾಡುಗೆಣಸು ಲೋಕವನ್ನೇ ಬದಲಿಸಲು ಹೊರಟಿತ್ತು. ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಆ ಗೆಣಸಿನಿಂದ ಪ್ರೊಜೆಸ್ಟರಾನ್ ತೆಗೆಯುವ ಅಗ್ಗದ ದಾರಿ ಕಂಡುಹಿಡಿದಿದ್ದ. ಅವನು ಕಟ್ಟಿದ ಸಿಂಟೆಕ್ಸ್ ಕಂಪನಿಯಲ್ಲಿ 1951ರ ಅಕ್ಟೋಬರ್ 15ರಂದು ಲೂಯಿಸ್ ಮಿರಾಮೊಂಟೆಸ್, ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ತಂಡ ನೊರೆಥಿಸ್ಟರಾನ್ ಎಂಬ ಪದಾರ್ಥ ತಯಾರಿಸಿತು. ಬಾಯಿಂದ ನುಂಗಿದರೂ ಕೆಲಸ ಮಾಡುವ ಹಾರ್ಮೋನು. ಈ ಹೆಸರನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು. ಅದು ಹಿಂದೂಪುರದವರೆಗೂ ಬರುತ್ತದೆ.

ಅಮೆರಿಕದಲ್ಲಿ ಗ್ರೆಗರಿ ಪಿಂಕಸ್, ಎಂ. ಸಿ. ಚಾಂಗ್, ಜಾನ್ ರಾಕ್ ಎಂಬ ಮೂವರು, ಸ್ಯಾಂಗರ್ ಅವರ ಹಟ, ಕ್ಯಾಥರೀನ್ ಮೆಕಾರ್ಮಿಕ್ ಎಂಬ ಶ್ರೀಮಂತೆಯ ದುಡ್ಡು, ಇಷ್ಟೂ ಸೇರಿ ಗರ್ಭ ತಡೆಯುವ ಮಾತ್ರೆ ತಯಾರಾಯಿತು. ಪರೀಕ್ಷಿಸುವುದೆಲ್ಲಿ? 1956ರಲ್ಲಿ ಪ್ಯೂರ್ಟೊರಿಕೊ ದ್ವೀಪದ ರಿಯೊ ಪಿಯೆದ್ರಾಸ್ ಬಡಾವಣೆಯ ಬಡ ಹೆಂಗಸರ ಮೇಲೆ. ಅಲ್ಲಿ ಮೇಲ್ವಿಚಾರಣೆಗಿದ್ದ ವೈದ್ಯೆ ಎಡ್ರಿಸ್ ರೈಸ್-ರೇ ನೇರ ಹೆಂಗಸು. ಮಾತ್ರೆ ಗರ್ಭವನ್ನು ಪೂರ್ತಿ ತಡೆಯುತ್ತದೆ ನಿಜ, ಆದರೆ ನೂರಕ್ಕೆ 17 ಮಂದಿಗೆ ತಲೆಸುತ್ತು, ವಾಕರಿಕೆ, ತಲೆನೋವು, ಹೊಟ್ಟೆನೋವು; ಎಲ್ಲರಿಗೂ ಕೊಡುವಂಥದಲ್ಲ ಎಂದು ವರದಿ ಬರೆದರು. ಪಿಂಕಸ್‌ಗೆ ಇದು ರುಚಿಸಲಿಲ್ಲ. ಅವರು ಒಂದಷ್ಟು ಹೆಂಗಸರಿಗೆ ಔಷಧವೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು, ಹೀಗ್ಹೀಗೆ ಆಗಬಹುದು ಎಂದು ಎಚ್ಚರಿಸಿ ನೋಡಿದರು. ಅವರಲ್ಲೂ ಕೆಲವರಿಗೆ ವಾಕರಿಕೆ ಬಂತು. ಅಲ್ಲಿಗೆ ತೀರ್ಮಾನವಾಯಿತು: ದೂರುಗಳೆಲ್ಲ ಬಹುಪಾಲು ಮನಸ್ಸಿನವು.

ಈ ತೀರ್ಮಾನವನ್ನು ಓದಿದಾಗೆಲ್ಲ ನನಗೆ ಸೋಜಿಗವಾಗುತ್ತದೆ. ಮನಸ್ಸಿನ ಅಂಜಿಕೆಯಿಂದ ದೇಹ ನಿಜವಾಗಿ ವಾಕರಿಸಬಲ್ಲದು ಎಂದು ಪಿಂಕಸ್ ಸಾಬೀತು ಮಾಡಿದ್ದರು. ಸೆಲ್ಯೆ ಇಪ್ಪತ್ತು ವರ್ಷದ ಹಿಂದೆ ತೆರೆದ ಬಾಗಿಲ ಹತ್ತಿರವೇ ಬಂದು ನಿಂತಿದ್ದರು. ಆದರೆ ಒಳಗೆ ಕಾಲಿಡಲಿಲ್ಲ. ಮನಸ್ಸಿನದು ಎಂದರೆ ಇಲ್ಲದ್ದು ಎಂದು ಅರ್ಥ ಮಾಡಿಕೊಂಡು ವಾಪಸು ಹೋದರು. ಅಂದಿನ ‘ಎನೊವಿಡ್’ ಮಾತ್ರೆಯೊಂದರಲ್ಲಿ ಈಸ್ಟ್ರೋಜನ್ ಪಾಲು 0.15 ಮಿಲಿಗ್ರಾಂ. ನಮ್ಮ ಮಾಲಾ-ಡಿ ಮಾತ್ರೆಯಲ್ಲಿ ಇರುವುದು 0.03. ಐದನೇ ಒಂದು ಪಾಲಿನಲ್ಲೇ ಆಗುವ ಕೆಲಸಕ್ಕೆ ಐದು ಪಟ್ಟು ನುಂಗಿದವರ ತಲೆ ಸುತ್ತಿದ್ದು ಭ್ರಮೆಯಾಗಿತ್ತೇ?

1960ರಲ್ಲಿ ಅಮೆರಿಕ ಸರ್ಕಾರ ಗರ್ಭನಿರೋಧಕವಾಗಿ ಎನೊವಿಡ್‌ಗೆ ಒಪ್ಪಿಗೆ ಕೊಟ್ಟಿತು. ಹತ್ತೇ ವರ್ಷಕ್ಕೆ ರಕ್ತ ಹೆಪ್ಪುಗಟ್ಟಿ ಸತ್ತವರ ಸುದ್ದಿ, ಬಾರ್ಬರಾ ಸೀಮನ್ ಎಂಬ ಪತ್ರಕರ್ತೆಯ ಪುಸ್ತಕ, 1970ರಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ನಡೆಸಿದ ವಿಚಾರಣೆ. ಸಾಕ್ಷಿ ಹೇಳಲು ಬಂದವರು ಬಹುಪಾಲು ಗಂಡಸರೇ. ಪ್ರೇಕ್ಷಕರ ಸಾಲಿನಿಂದ ಆಲಿಸ್ ವೂಲ್ಫ್‌ಸನ್ ಮತ್ತು ಗೆಳತಿಯರು ಎದ್ದು, ಮಾತ್ರೆ ನುಂಗಿದ ಒಬ್ಬ ಹೆಂಗಸನ್ನೂ ಯಾಕೆ ಕರೆದಿಲ್ಲ ಎಂದು ಕೂಗಿದರು. ಆ ಗಲಾಟೆಯ ಫಲವಾಗಿ ಮಾತ್ರೆಯ ಪೊಟ್ಟಣದೊಳಗೆ, ಏನೇನು ಅಪಾಯವಿದೆ ಎಂದು ನುಂಗುವವಳಿಗೇ ಹೇಳುವ ಒಂದು ಚೀಟಿ ಬಂತು. ಔಷಧದ ಚರಿತ್ರೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಇಲ್ಲಿ ನಮ್ಮಲ್ಲಿ ಮಾತ್ರೆ ಬಂದದ್ದು ಹಿಂಬಾಗಿಲಿನಿಂದ. 1965ರಲ್ಲಿ ದೇಶವೆಲ್ಲ ಗರ್ಭಕೋಶದೊಳಗೆ ಇಡುವ ವಂಕಿಯ ಭರಾಟೆ. ರಕ್ತಸ್ರಾವದ ದೂರುಗಳಿಗೆ ಯಾರೂ ಕಿವಿಗೊಡದೆ ಹೆಂಗಸರು ಅದನ್ನು ತೆಗೆಸಿಹಾಕಿದರು. ಆಮೇಲೆ ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಹೆಚ್ಚಿನವು ಗಂಡಸರವು. ಅದರ ಸಿಟ್ಟು ಸರ್ಕಾರವನ್ನೇ ಕೊಚ್ಚಿಕೊಂಡು ಹೋದಮೇಲೆ ಗಂಡಸರನ್ನು ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಮಾಲಾ-ಡಿ 1987ರಲ್ಲಿ ಅಂಗಡಿಗೆ ಬಂತು: 21 ಹಾರ್ಮೋನು ಮಾತ್ರೆ, ಏಳು ಕಬ್ಬಿಣದ ಮಾತ್ರೆ. ದೂರದರ್ಶನದಲ್ಲಿ ಜಾಹೀರಾತು ಬಂತು. ಆದರೆ ನಮ್ಮ ಸೀಮೆಯಲ್ಲಿ ಅದು ಬೇರು ಬಿಡಲಿಲ್ಲ.

ಮಾತ್ರೆಗಿಂತ ಮೊದಲು ಆಂಧ್ರದ ಹೆಂಗಸರ ಹತ್ತಿರ ಬಂದದ್ದು ಸೂಜಿ.

ಹೈದರಾಬಾದಿನ ಹತ್ತಿರದ ಪಟಾನ್‌ಚೆರು ಅಂದರೆ ಅನಂತಪುರದ ರೈತನಿಗೆ ಇಕ್ರಿಸ್ಯಾಟ್. ಒಣಭೂಮಿಯ ಬೆಳೆಗಳಿಗೆಂದೇ 1972ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ, ನಮ್ಮ ಕಡಲೆಕಾಯಿಯೂ ಅವರ ಬೆಳೆಗಳಲ್ಲಿ ಒಂದು. ಬೀಜ ಪರೀಕ್ಷೆ ಮಾಡುವಾಗ ಹೊಲದ ಬದುವಿನಲ್ಲಿ ಒಂದು ಬೋರ್ಡು ನೆಟ್ಟಿರುತ್ತಾರೆ: ಇದು ಪ್ರಯೋಗದ ತಾಕು, ಇಂಥ ತಳಿ, ಇಂಥ ದಿನ ಬಿತ್ತಿದ್ದು. ಅದೇ ಪಟಾನ್‌ಚೆರುವಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 1985ರಲ್ಲಿ ಒಂದು ಕ್ಯಾಂಪು ನಡೆಯಿತು. ಸುತ್ತಲ ಹಳ್ಳಿಗಳ ಹೆಂಗಸರನ್ನು ಕರೆತಂದಿದ್ದರು. ಎರಡು ತಿಂಗಳಿಗೊಂದು ಇಂಜೆಕ್ಷನ್, ಮಕ್ಕಳಾಗುವುದಿಲ್ಲ ಎಂದಷ್ಟೇ ಅವರಿಗೆ ಗೊತ್ತು. ಅದು ನೆಟ್-ಎನ್, ಅಂದರೆ ನೊರೆಥಿಸ್ಟರಾನ್ ಎನಾಂಥೇಟ್, ಎಣ್ಣೆಯಲ್ಲಿ ಕರಗಿಸಿದ 200 ಮಿಲಿಗ್ರಾಂ. ಮೆಕ್ಸಿಕೋದ ಗೆಣಸಿನ ಆ ಕೂಸೇ ಸೂಜಿಯ ವೇಷದಲ್ಲಿ ಬಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ದೇಶದ ಹಲವೆಡೆ ಪರೀಕ್ಷಿಸುತ್ತಿತ್ತು. ಇದು ಪ್ರಯೋಗ ಎಂದು ಹೇಳುವ ಬೋರ್ಡು ಆ ಕೇಂದ್ರದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಸುದ್ದಿ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಹೆಂಗಸರಿಗೆ ಮುಟ್ಟಿತು. ತೆಲಂಗಾಣದ ಸಶಸ್ತ್ರ ಹೋರಾಟದಲ್ಲಿದ್ದ ಅಜ್ಜಿಯಂದಿರನ್ನು ಹುಡುಕಿ ಅವರ ಬಾಯಿಂದಲೇ ಕತೆ ಕೇಳಿ ಪುಸ್ತಕ ಮಾಡುತ್ತಿದ್ದ ಗುಂಪು ಅದು. ಕೇಳುವ ವಿದ್ಯೆ ಅವರಿಗೆ ಗೊತ್ತಿತ್ತು. ಕ್ಯಾಂಪಿಗೆ ಹೋಗಿ ಅವರು ಒತ್ತಾಯಿಸಿದ್ದು ಇಷ್ಟೇ: ಇದು ಪ್ರಯೋಗ ಎಂದು, ಇದರಿಂದ ಏನೇನಾಗಬಹುದು ಎಂದು ಈ ಹೆಂಗಸರಿಗೆ ಅವರ ಭಾಷೆಯಲ್ಲಿ ಹೇಳಿ. ಹೇಳಿದರು. ಕೇಳಿದ ಮೇಲೆ ಬಹಳ ಜನ ಎದ್ದು ಮನೆಗೆ ಹೋದರು.

ಯಾಕೆ ಹೋದರೆಂದು ಅರ್ಥವಾಗಬೇಕಾದರೆ, ಈ ಸೂಜಿಯ ಮುಖ್ಯ ತೊಂದರೆ ಏನೆಂದು ತಿಳಿಯಬೇಕು. ಹೊತ್ತಿಲ್ಲದ ಹೊತ್ತಿನಲ್ಲಿ ರಕ್ತಸ್ರಾವ. ಕೆಲವರಿಗೆ ವಾರಗಟ್ಟಲೆ ಕಲೆ, ಕೆಲವರಿಗೆ ತಿಂಗಳುಗಟ್ಟಲೆ ಏನೂ ಇಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಇದು ಅಪಾಯವಿಲ್ಲದ ಪರಿಣಾಮ. ಮಡಕಶಿರಾ, ಪಾವಗಡ, ಚಳ್ಳಕೆರೆ ಸುತ್ತಿನ ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳು ಹಟ್ಟಿಯ ಹೊರಗೆ ಉಳಿಯಬೇಕಾದ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಬೇರೆ ಮನೆಗಳಲ್ಲೂ ದೇವರ ಕೋಣೆ, ಅಡುಗೆಮನೆ ಮೂರು ದಿನ ದೂರ. ಮೂರು ದಿನದ್ದು ಮೂರು ವಾರವಾದರೆ? ಅತ್ತೆಗೆ ಏನು ಹೇಳುವುದು, ಒಲೆ ಯಾರು ಹಚ್ಚುವುದು, ಗಂಡನಿಗೆ ಅನುಮಾನ ಬಂದರೆ? ಸೂಜಿಮದ್ದು ರಕ್ತದಲ್ಲಿ ಮಾಡುವ ಕೆಲಸ ಒಂದಾದರೆ, ಆ ರಕ್ತ ಮನೆಯಲ್ಲಿ ಮಾಡುವ ಕೆಲಸ ಇನ್ನೊಂದು. ಇವೆರಡನ್ನೂ ಹೊತ್ತವಳ ಅಡ್ರಿನಲ್ ಗ್ರಂಥಿಯ ಪಾಡನ್ನು ಯಾವ ಪ್ರಯೋಗವೂ ಅಳೆಯಲಿಲ್ಲ. ಚುಚ್ಚಿಸಿಕೊಂಡದ್ದನ್ನು ವಾಪಸು ತೆಗೆಯಲೂ ಬರುವುದಿಲ್ಲ. ಮಾತ್ರೆಯಾದರೆ ನಾಳೆ ಬಿಡಬಹುದು.

ಆಗ ಆಂಧ್ರದ ಮುಖ್ಯಮಂತ್ರಿ ಎನ್. ಟಿ. ರಾಮರಾವ್. 1985ರಲ್ಲಿ ಮೂರು ಕ್ಷೇತ್ರಗಳಲ್ಲಿ ನಿಂತು ಮೂರೂ ಗೆದ್ದು, ಹಿಂದೂಪುರವನ್ನು ಉಳಿಸಿಕೊಂಡವರು. ಹಿಂದೂಪುರದವರು ಇವತ್ತಿಗೂ ‘ನಮ್ಮ ರಾಮರಾವು’ ಎನ್ನುತ್ತಾರೆ. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಅವರ ಕಾನೂನು ಅದೇ ವರ್ಷದ ಸೆಪ್ಟೆಂಬರ್ 5ರಿಂದ ಜಾರಿಗೆ ಬಂತೆಂದು ಲೆಕ್ಕ. ಹೊಲದಲ್ಲಿ ಪಾಲು ಸಿಕ್ಕ ವರ್ಷವೇ, ತನ್ನ ಮೈಗೆ ಏನು ಚುಚ್ಚುತ್ತಿದ್ದಾರೆಂದು ತಿಳಿಯಲು ಪಟಾನ್‌ಚೆರುವಿನ ಹೆಣ್ಣಿಗೆ ಹೊರಗಿನವರು ಬಂದು ಜಗಳ ಮಾಡಬೇಕಾಯಿತು.

1986ರಲ್ಲಿ ಸ್ತ್ರೀ ಶಕ್ತಿ ಸಂಘಟನೆ, ದೆಹಲಿಯ ಸಹೇಲಿ ಗುಂಪು ಮತ್ತು ಇತರರು ಈ ಸೂಜಿಯ ಪ್ರಯೋಗದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ಹದಿನಾಲ್ಕು ವರ್ಷ ಎಳೆಯಿತು. 2000ದಲ್ಲಿ, ನೆಟ್-ಎನ್ ಅನ್ನು ಸಾಮೂಹಿಕ ಕಾರ್ಯಕ್ರಮದಲ್ಲಿ ತರುವುದಿಲ್ಲ ಎಂದು ಸರ್ಕಾರ ಒಪ್ಪಿಕೊಂಡಲ್ಲಿಗೆ ಅದು ಮುಗಿಯಿತು. ನಡುವೆ 1991ರಲ್ಲಿ ಹೈದರಾಬಾದಿನ ಮಹಿಳಾ ಆರೋಗ್ಯದ ಗುಂಪೊಂದು ತೆಲುಗಿನಲ್ಲಿ ಒಂದು ಪುಸ್ತಕ ತಂದಿತು, ಹೆಸರು ‘ಸವಾಲಕ್ಷ ಸಂದೇಹಾಲು’, ಒಂದೂಕಾಲು ಲಕ್ಷ ಸಂದೇಹಗಳು. ನಮ್ಮ ಗಡಿಯಲ್ಲಿ ತೆಲುಗು ಓದಬಲ್ಲ ಕನ್ನಡದ ಹೆಂಗಸರಿಗೆ ಬರವಿಲ್ಲ. ಆದರೂ ಅಂಥದೊಂದು ಕನ್ನಡದಲ್ಲೂ ಇದ್ದಿದ್ದರೆ ಎಂದು ನನಗೆ ಹೊಟ್ಟೆಕಿಚ್ಚು.

ಬೇರೆಬೇರೆ ಮನೆಗೆ ಹೋದ ಆ ಎರಡು ಕೂಸುಗಳು, ಹಾರ್ಮೋನು ಮತ್ತು ಒತ್ತಡ, ಕೊನೆಗೆ ಭೇಟಿಯಾದದ್ದು ಜರ್ಮನಿಯ ಟ್ರಿಯರ್ ಎಂಬ ಊರಿನಲ್ಲಿ. ಕಾರ್ಲ್ ಮಾರ್ಕ್ಸ್ ಹುಟ್ಟಿದ ಊರು. ಅಲ್ಲಿನ ವಿಶ್ವವಿದ್ಯಾಲಯದ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಜೊತೆಗಾರರು 1993ರಲ್ಲಿ ಒತ್ತಡ ಅಳೆಯುವ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಸೂಜಿ ಇಲ್ಲ, ಏಟು ಇಲ್ಲ. ಒಂದು ಕೋಣೆ, ಮೇಜಿನ ಹಿಂದೆ ಮುಖದಲ್ಲಿ ಏನನ್ನೂ ತೋರಿಸದ ಪರೀಕ್ಷಕರು. ಕೆಲಸದ ಸಂದರ್ಶನಕ್ಕೆ ಬಂದವರಂತೆ ಐದು ನಿಮಿಷ ಮಾತಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತ ಹೋಗಬೇಕು. ತಪ್ಪಿದರೆ ‘ಮೊದಲಿಂದ’. ಶಾಲಾ ಇನ್‌ಸ್ಪೆಕ್ಟರರ ಮುಂದೆ ಮಗ್ಗಿ ಒಪ್ಪಿಸಿದವರಿಗೆ ಇದರ ಕಷ್ಟ ವಿವರಿಸಬೇಕಿಲ್ಲ. ಪರೀಕ್ಷೆ ಮುಗಿದವರ ಎಂಜಲಿನಲ್ಲಿ ಕಾರ್ಟಿಸೋಲ್ ಸರ್ರನೆ ಏರಿರುತ್ತಿತ್ತು.

ಆದರೆ ಒಂದು ಗುಂಪಿನಲ್ಲಿ ಅಷ್ಟಾಗಿ ಏರುತ್ತಿರಲಿಲ್ಲ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದ ಹೆಂಗಸರಲ್ಲಿ. 1999ರಲ್ಲಿ 81 ಮಂದಿಯ ಮೇಲೆ ಇದನ್ನು ಬಿಡಿಸಿ ನೋಡಿದರು: ಗಂಡಸರು, ಮುಟ್ಟಿನ ಚಕ್ರದ ಮೊದಲ ಭಾಗದಲ್ಲಿದ್ದವರು, ಎರಡನೇ ಭಾಗದಲ್ಲಿದ್ದವರು, ಮಾತ್ರೆಯವರು. ಎಂಜಲಿನ ಕಾರ್ಟಿಸೋಲ್ ಗಂಡಸರಲ್ಲೂ ಚಕ್ರದ ಎರಡನೇ ಭಾಗದವರಲ್ಲೂ ಹೆಚ್ಚು ಏರಿತು. ಮಾತ್ರೆಯವರಲ್ಲಿ, ಮೊದಲ ಭಾಗದವರಲ್ಲಿ ಏರಿದ್ದು ಕಡಿಮೆ.

ಕಾರಣ ತಿಳಿಯಲು ಹಿಂದೂಪುರದ ಬಸ್ ಸ್ಟ್ಯಾಂಡ್ ಸಾಕು. ಕಾರ್ಟಿಸೋಲ್ ರಕ್ತದಲ್ಲಿ ಓಡಾಡುವುದು ಬಹುಪಾಲು ಬಸ್ಸಿನಲ್ಲಿ ಕೂತು. ಬಸ್ಸು ಎಂದರೆ ಯಕೃತ್ತು ತಯಾರಿಸುವ ಒಂದು ಪ್ರೋಟೀನು. ಬಸ್ಸಿನಲ್ಲಿ ಕೂತವರಿಂದ ಕೂಲಿ ಕೆಲಸ ಆಗುವುದಿಲ್ಲ, ಇಳಿದು ನೆಲದ ಮೇಲೆ ನಿಂತವರಿಂದ ಮಾತ್ರ ಆಗುತ್ತದೆ. ಎಂಜಲಿಗೆ ಬರುವುದೂ ಇಳಿದವರೇ. ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಯಕೃತ್ತಿಗೆ ಹೇಳಿ ಬಸ್ಸುಗಳ ಸಂಖ್ಯೆ ಹೆಚ್ಚಿಸುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಒಟ್ಟು ಕಾರ್ಟಿಸೋಲ್ ಜಾಸ್ತಿಯೇ ಕಾಣುತ್ತದೆ, ಹೆಚ್ಚಿದ ಬಸ್ಸುಗಳಲ್ಲಿ ಕೂತವರೂ ಹೆಚ್ಚು. ಆದರೆ ಸಂಕಟದ ಹೊತ್ತಿಗೆ ಅಡ್ರಿನಲ್ ಹೊಸ ಜನರನ್ನು ಕಳಿಸಿದಾಗ ಅವರನ್ನೂ ಖಾಲಿ ಸೀಟುಗಳು ನುಂಗುತ್ತವೆ, ನೆಲದ ಮೇಲೆ ನಿಲ್ಲುವವರು ಕಡಿಮೆ. ಈಸ್ಟ್ರೋಜನ್ ಇಲ್ಲದ ಪ್ರೊಜೆಸ್ಟಿನ್ ಮಾತ್ರದ ವಿಧಾನಗಳಲ್ಲಿ ಬಸ್ಸು ಹೀಗೆ ಹೆಚ್ಚುವುದಿಲ್ಲ. ಹಾಗೆಂದು ಟ್ರಿಯರಿನ ಆ ಹುಡುಗಿಯರಿಗೆ ಭಯವೇ ಆಗಲಿಲ್ಲವೆಂದು ತಿಳಿಯಬಾರದು. ಭಯದ ಸುದ್ದಿಯನ್ನು ಮೈತುಂಬ ಹಂಚುವ ಅಂಚೆಯವನು ಕಡಿಮೆ ಮನೆ ಮುಟ್ಟಿದ, ಅಷ್ಟೆ. ಅದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ನಡೆದೇ ಇದೆ. 2016ರಲ್ಲಿ ಡೆನ್ಮಾರ್ಕಿನ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದವರು, ಹಾರ್ಮೋನು ಗರ್ಭನಿರೋಧಕ ಬಳಸುವವರಲ್ಲಿ, ಅದರಲ್ಲೂ ಹದಿಹರೆಯದವರಲ್ಲಿ, ಖಿನ್ನತೆಯ ಔಷಧ ಶುರುವಾಗುವುದು ಸ್ವಲ್ಪ ಹೆಚ್ಚು ಎಂದು ಬರೆದರು. ಅದರಿಂದಲೇ ಇದು ಎಂದು ಅಷ್ಟಕ್ಕೇ ಹೇಳಲಾಗದು. ಬೇಡದ ಬಸಿರಿನ ಸಂಕಟಕ್ಕಿಂತ ಮಾತ್ರೆಯ ಬೇಸರ ಲೇಸು ಎನ್ನುವವರೂ ಲಕ್ಷಾಂತರ ಮಂದಿ, ಅವರ ಮಾತಿಗೂ ತೂಕವಿದೆ. ಆದರೆ ರಿಯೊ ಪಿಯೆದ್ರಾಸಿನ ಹೆಂಗಸರು ಮಾತ್ರೆಗೂ ಮನಸ್ಸಿಗೂ ನಡುವೆ ಏನೋ ನಡೆಯುತ್ತಿದೆ ಎಂದದ್ದು ಸುಳ್ಳಲ್ಲ ಎಂದು ಹೇಳಲು ಎಂಜಲಿನ ಒಂದು ಹನಿ ಸಾಕಾಯಿತು.

ಈ ವಿಜ್ಞಾನದಲ್ಲಿ ಹಿಂದೂಪುರ, ಕಲ್ಯಾಣದುರ್ಗಗಳಿಗೆ ಎಡೆಯೇ ಇಲ್ಲ. ಇಲ್ಲಿ ದಿನದ ಮಾತ್ರೆಯವರು ತೀರಾ ಕಡಿಮೆ. ಇಲ್ಲಿನ ದಾರಿ ಆಪರೇಷನ್ನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಅದಾಗಿದೆ. ಗಡಿಯಾಚೆ ಕರ್ನಾಟಕದಲ್ಲಿ 57. ಬಹುಪಾಲು ಜನರಿಗೆ 25 ತುಂಬುವ ಮೊದಲೇ. 1994ರಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯ್ತಿಗೆ ನಿಲ್ಲಬಾರದೆಂದ ಆಂಧ್ರ, 1997ರಲ್ಲಿ ಜನಸಂಖ್ಯಾ ನೀತಿಯನ್ನೇ ಮಾಡಿದ ರಾಜ್ಯ, 2024ರಲ್ಲಿ ಆ ಪಂಚಾಯ್ತಿ ನಿಯಮವನ್ನು ಕಿತ್ತುಹಾಕಿ ಇನ್ನಷ್ಟು ಮಕ್ಕಳನ್ನು ಹೆರಿ ಎನ್ನುತ್ತಿದೆ. ಆಪರೇಷನ್ ಆದವರು ಅದನ್ನು ಕೇಳಿಸಿಕೊಂಡು ನಗುತ್ತಾರೆ. 2015-16ರ ಸಮೀಕ್ಷೆಯಲ್ಲಿ ಗರ್ಭಕೋಶವನ್ನೇ ತೆಗೆಸಿಕೊಂಡವರೂ ಆಂಧ್ರದಲ್ಲಿ ನೂರಕ್ಕೆ ಸುಮಾರು 9. ಆ ಕತೆಗೆ ಬೇರೆ ಲೇಖನವೇ ಬೇಕು.

ಹಾರ್ಮೋನು ಮಾತ್ರ ಇಲ್ಲಿಗೆ ಬೇರೆ ಹೆಸರಿನಲ್ಲಿ ಬಂದಿದೆ. ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ವಾರವಿರುವಾಗ, ಹಿಂದೂಪುರದ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಅರ್ಧ ಗಂಟೆ ನಿಲ್ಲಿ. ‘ಅಣ್ಣಾ, ಡೇಟು ಮುಂದಕ್ಕೆ ಹೋಗೋ ಮಾತ್ರೆ ಕೊಡಿ’ ಎಂದು ಮೆಲ್ಲಗೆ ಕೇಳುವ ದನಿ ಕನ್ನಡದಲ್ಲೂ ತೆಲುಗಿನಲ್ಲೂ ಕೇಳುತ್ತದೆ. ಗೃಹಪ್ರವೇಶ, ತಿರುಪತಿ, ಊರ ಜಾತ್ರೆ, ಮಗಳ ಮದುವೆ. ಮನೆ ತುಂಬ ನೆಂಟರು ಬರುವ ದಿನ ಹೊರಗೆ ಕೂರಬೇಕಾದೀತೆಂಬ ದಿಗಿಲು ಒಂದು ಕಡೆ, ಅದನ್ನು ತಡೆಯಲು ನುಂಗುವ ಮಾತ್ರೆ ಇನ್ನೊಂದು ಕಡೆ. ಆ ಮಾತ್ರೆ ನೊರೆಥಿಸ್ಟರಾನ್, ಐದು ಮಿಲಿಗ್ರಾಂ, ದಿನಕ್ಕೆ ಎರಡೋ ಮೂರೋ. ದೇಹದೊಳಗೆ ಅದರ ಒಂದು ಸಣ್ಣ ಪಾಲು ಎಥಿನೈಲ್ ಈಸ್ಟ್ರಡಯಾಲ್ ಆಗಿ ಮಾರ್ಪಡುತ್ತದೆ. ಬಸ್ಸು ಹೆಚ್ಚಿಸುವ ಪದಾರ್ಥ ಅದೇ. ರಕ್ತ ಹೆಪ್ಪುಗಟ್ಟುವ ಗುಣ ಇದ್ದವರಿಗೆ ಇದು ಆಟದ ಸಾಮಾನಲ್ಲ. ಸಣ್ಣ ಪ್ರಮಾಣದಲ್ಲಿ ಗರ್ಭ ತಡೆಯಲು ಬಳಸುವ ಪದಾರ್ಥ, ಇಲ್ಲಿ ದೊಡ್ಡ ಪ್ರಮಾಣದಲ್ಲಿ ಮಡಿ ಕಾಯಲು ನಿಂತಿದೆ.

ಅಂಗಡಿಯವನು ಎಷ್ಟು ದಿನಕ್ಕೆ ಎಂದು ಕೇಳುತ್ತಾನೆ. ‘ಐದು ದಿನಕ್ಕಣ್ಣ.’ ಪೆಟ್ಟಿಗೆಯಿಂದ ಪಟ್ಟಿ ಎಳೆದು, ಕತ್ತರಿಯಿಂದ ಹದಿನೈದು ಮಾತ್ರೆ ಕತ್ತರಿಸಿ, ಹಳೇ ಪೇಪರಿನ ಪೊಟ್ಟಣಕ್ಕೆ ಹಾಕಿ ಕೊಡುತ್ತಾನೆ. 1970ರಲ್ಲಿ ಅಮೆರಿಕದ ಹೆಂಗಸರು ಯಾವುದಕ್ಕಾಗಿ ಸಭೆಯಲ್ಲಿ ಕೂಗಿದರೋ ಆ ಬಗೆಯ ಚೀಟಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಎಂಟು ಮಡಿಕೆಯಾಗಿ ಆ ಪೆಟ್ಟಿಗೆಯ ತಳದಲ್ಲೇ ಉಳಿಯುತ್ತದೆ. ಪೆಟ್ಟಿಗೆ ಖಾಲಿಯಾದ ದಿನ ಅಂಗಡಿಯ ಹುಡುಗ ಅದನ್ನು ಉಳಿದ ರಟ್ಟುಗಳ ಜೊತೆ ಕಟ್ಟಿ ಗುಜರಿಗೆ ಹಾಕುತ್ತಾನೆ.